ಅರ್ಜಿಗೆ ನಾನು ಆರಿಸಿದ ಪದ

ಅವತ್ತು ನಲ್ಲಿಯಲ್ಲಿ ನೀರು ಬರುವ ದಿನ. ಶಿಕಾರಿಪುರದ ನಮ್ಮ ಬೀದಿಗೆ ಬಿಡುತ್ತೇವೆಂದು ಹೇಳುವುದು ಏಳು ಗಂಟೆಗೆ, ಬಿಡುವುದು ಅವರಿಗೆ ನೆನಪಾದಾಗ. ಕೊಡಗಳನ್ನು ತೊಳೆದು ಸಾಲಾಗಿಟ್ಟೆ. ಅವಲಕ್ಕಿ ಕಲೆಸಿ ನಮ್ಮವರ ಡಬ್ಬಿ ಕಟ್ಟಿದೆ. ಸೊರಬದ ಬಸ್ಸು ಆರೂಮುಕ್ಕಾಲಿಗೆ. ನಲ್ಲಿ ತಿರುಗಿಸಿ ನೋಡಿದರೆ ಬುಸ್ಸೆಂದು ಬರೀ ಗಾಳಿ. ಖಾಲಿ ಕೊಡಗಳನ್ನು ಹಾಗೇ ಬಿಟ್ಟು ಹೊರಟೆ.

ನನ್ನ ತಮ್ಮನ ಮನೆ ಉಳವಿ ಕಡೆ. ಕರೆಂಟು ತಯಾರಿಸುವ ಸಣ್ಣ ಅಣೆಕಟ್ಟೆಯ ಕೆಳಗೆ, ಬಂಡೆಗಳ ನಡುವೆ ನೀರು ನುಗ್ಗುವಲ್ಲಿ, ರಬ್ಬರ್ ದೋಣಿಯಲ್ಲಿ ಜನರನ್ನು ಕರೆದೊಯ್ಯುವುದು ಅವನ ಕಸುಬು. ಕಟ್ಟೆಯವರು ನೀರು ಬಿಟ್ಟರೆ ಹೊಳೆ, ಇಲ್ಲದಿದ್ದರೆ ಬರೀ ಬಂಡೆ. ಯಾವಾಗ ಬಿಡುತ್ತಾರೋ ಯಾರೂ ಹೇಳುವುದಿಲ್ಲ. ದೂರದಿಂದ ಬಂದವರು ಬಂಡೆ ನೋಡಿ ಮರಳುತ್ತಿದ್ದರು. ಈಗ ಕಟ್ಟೆಯ ಲೈಸೆನ್ಸ್ ನವೀಕರಣಕ್ಕೆ ಬಂದು, ಅವತ್ತೇ ಸೊರಬದಲ್ಲಿ ಅಹವಾಲು ಸಭೆ ಕರೆದಿದ್ದರು. ಶನಿವಾರ, ಭಾನುವಾರ ಬೆಳಿಗ್ಗೆ ಹೇಳಿದ ಹೊತ್ತಿಗೆ ನೀರು ಬಿಡಬೇಕೆಂಬ ಒಂದು ಷರತ್ತು ಸೇರಿದರೆ ಅವನು ಬದುಕಿಕೊಳ್ಳುತ್ತಿದ್ದ. ಸೇರದಿದ್ದರೆ, ಮುಂದಿನ ನವೀಕರಣದ ಹೊತ್ತಿಗೆ ಅವನ ತಲೆ ಪೂರಾ ನರೆತಿರುತ್ತದೆ.

ಅರ್ಜಿ ಬರೆದವಳು ನಾನು. "ನೊರೆನೀರಲ್ಲಿ ದೋಣಿ ಬಿಡೋದು ಅಂತ್ಲೇ ಬರಿಯೇ ಅಕ್ಕಾ," ಎಂದಿದ್ದ. ಸರ್ಕಾರಿ ಕಾಗದಕ್ಕೆ ಅದು ಹಳ್ಳಿಮಾತಾಯಿತು ಅನ್ನಿಸಿತು ನನಗೆ. ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅಂದಿನಿಂದ ಒಳ್ಳೆಯ ಕನ್ನಡವೆಂದರೆ ನನಗೆ ನಿಘಂಟಿನದು. ದುಂಡಗೆ ಬರೆದೆ: 'ಜಲಕ್ರೀಡೆಗಾಗಿ ನೀರು ಬಿಡಿಸಿಕೊಡಬೇಕಾಗಿ ವಿನಂತಿ.'

ಸಭೆಯಲ್ಲಿ ಅರ್ಜಿಗಳನ್ನು ಗಟ್ಟಿಯಾಗಿ ಓದುತ್ತಿದ್ದ ಗುಮಾಸ್ತರು ಆ ಸಾಲು ಓದಿ ತಡೆದರು. ಹಿಂದಿನಿಂದ ಯಾರೋ, "ರಾಜರು ಬಂದಾಯ್ತು, ರಾಣಿಯರು ಎಲ್ಲಿ ಮಾರಾಯಾ?" ಎಂದರು.

"ಸೀರೆ ಎಲ್ಲಾ ಮರದ ಮೇಲೈತೇನೋ, ನೋಡ್ರೋ!" ಎಂದ ಇನ್ನೊಬ್ಬ.

ಸಭೆಗೆ ಸಭೆಯೇ ನಕ್ಕಿತು. ತಮ್ಮ ಎದ್ದು ನಿಂತ. ಕೊರಳಲ್ಲಿ ದೋಣಿಯ ಸೀಟಿ ಇನ್ನೂ ನೇತಾಡುತ್ತಿತ್ತು.

"ಆಟ ಅಲ್ಲ ಸಾರ್, ಇದು ನನ್ನ ಹೊಟ್ಟೆಪಾಡು."

ಸಭೆ ನಡೆಸುತ್ತಿದ್ದ ಸಾಹೇಬರು ಮಾತ್ರ ನಗಲಿಲ್ಲ. "ಕ್ರೀಡೆ ಅಂತ ನೀವೇ ಬರ್ದಿದೀರಲ್ರೀ. ಕರೆಂಟು ಮೊದ್ಲೋ, ಆಟ ಮೊದ್ಲೋ?" ಎಂದು ಅರ್ಜಿಯ ಅಂಚಿನಲ್ಲಿ ಷರಾ ಬರೆದರು. ಹಸಿರು ಇಂಕು. ಮುಂದಿನ ಸಾಲಿನಲ್ಲಿ ಕುಳಿತಲ್ಲಿಂದಲೇ ನಾನು ಓದಿದೆ: 'ಮನರಂಜನೆ. ಪರಿಗಣಿಸುವ ಅಗತ್ಯವಿಲ್ಲ.'

ಬಸ್‌ಸ್ಟ್ಯಾಂಡಿನಲ್ಲಿ ತಮ್ಮ ಅರ್ಜಿಯ ಜೆರಾಕ್ಸ್ ಪ್ರತಿಯನ್ನು ಮಡಚಿ, ಮತ್ತೆ ಮಡಚಿ, ಬಸ್ ಟಿಕೆಟಿನಷ್ಟು ಸಣ್ಣದು ಮಾಡಿದ.

"ನಿಂದೇನೂ ತಪ್ಪಿಲ್ಲ ಕಣೇ ಅಕ್ಕಾ. ನಾಳೆ ದೋಣಿ ಗಾಳಿ ಬಿಟ್ಟು ಸುತ್ತಿಡ್ತೀನಿ."

ನನ್ನ ಮುಖ ಮಾತ್ರ ನೋಡಲಿಲ್ಲ. ನೊರೆನೀರು ಎಂದೇ ಬರೆದಿದ್ದರೆ ಏನಾಗುತ್ತಿತ್ತೋ. ನಗುವುದಂತೂ ಯಾರೂ ನಗುತ್ತಿರಲಿಲ್ಲ.

ಸಂಜೆ ಮನೆಗೆ ಬಂದಾಗ ಕೊಡಗಳು ಬೆಳಿಗ್ಗೆ ಇಟ್ಟ ಹಾಗೇ ಇದ್ದವು. ಕಾಂಪೌಂಡಿನ ಆಚೆ ಪಕ್ಕದ ಮನೆಯಾಕೆ ಮೆಂತ್ಯಸೊಪ್ಪು ಬಿಡಿಸುತ್ತ ಕುಳಿತಿದ್ದರು. ತಲೆ ಎತ್ತದೆಯೇ ಹೇಳಿದರು:

"ಎಲ್ಲಿ ಹೋಗಿದ್ರಿ? ಇವತ್ತು ಹೇಳಿದ ಟೈಮಿಗೇ ನೀರು ಬಿಟ್ಟಿದ್ರು ನೋಡ್ರೀ. ನೀವೇ ಇರ್ಲಿಲ್ಲ."