ಒಳಗೇ ಉಳಿದ ಹೆಸರು

ಅಂಕಯ್ಯ ಸತ್ತು ವಾರವಾಗಿತ್ತು. ಕೊತ್ತತ್ತಿಯ ಮನೆಯಲ್ಲಿ ಅವನ ಲ್ಯಾಪ್‌ಟಾಪು ಮಾತ್ರ ಇನ್ನೂ ಎದ್ದೇ ಇತ್ತು.

ಅಂಕಯ್ಯ ಕುಡಿಯೋ ನೀರಿನ ಪಂಪ್‌ಹೌಸಿನ ಆಪರೇಟರು. ಪಂಪ್‌ಹೌಸು ಮಳವಳ್ಳಿ ಆಚೆ. ಮೊದಲು ಬಸ್ಸು ಹತ್ತಿ ಹೋಗುತ್ತಿದ್ದ. ಅಲ್ಲಿಗೆ ಕಂಪ್ಯೂಟರು ಬಂದ ಮೇಲೆ ಮನೆಯಲ್ಲೇ ಕೂತ. ಲ್ಯಾಪ್‌ಟಾಪಿನಲ್ಲಿ ಕಪ್ಪು ಪರದೆ ತೆರೆದು ತನ್ನ ಹೆಸರು, ಪಾಸ್‌ವರ್ಡು ಕುಟ್ಟಿದರೆ ಅಲ್ಲಿನ ಕಂಪ್ಯೂಟರಿನ ಒಳಕ್ಕೆ ಹೋದಂತೆ. ಇಲ್ಲಿ ಒಂದು ಸಾಲು ಬರೆದರೆ ಅಲ್ಲಿ ಮೋಟರು ಏಳುತ್ತಿತ್ತು.

"ಮುದ್ದೆ ಉಣ್ತಾ ಉಣ್ತಾ ಊರಿಗೆ ನೀರು ಬುಡ್ತಾನೆ ಕಣ್ಲಾ ಇವ್ನು" ಅಂತ ನೆರೆಮನೆ ಚೌಡಯ್ಯ ಆಡಿಕೊಳ್ಳುತ್ತಿದ್ದ.

ಅಂಕಯ್ಯ ಎದೆ ಹಿಡಿದುಕೊಂಡು ಆ ಲ್ಯಾಪ್‌ಟಾಪಿನ ಮುಂದೆಯೇ ಬಿದ್ದ. ಒಳಕ್ಕೆ ಹೋದವನು ಆಚೆ ಬಂದಿರಲಿಲ್ಲ.

ಹೆಂಡತಿ ಸಣ್ಣತಾಯಮ್ಮ ಅದನ್ನು ಮುಟ್ಟಲಿಲ್ಲ, ಯಾರಿಗೂ ಮುಟ್ಟಗೊಡಲಿಲ್ಲ. ಆಗಾಗ ಪರದೆಯಲ್ಲಿ ಹೊಸ ಸಾಲು ತಾನೇ ಮೂಡೋದು. ನೀರಿನ ಮಟ್ಟ ಅದು. ಅವಳಿಗೆ ಇಂಗ್ಲಿಷು ಬಾರದು. ಅಡುಗೆಮನೆಯಿಂದ ನೋಡಿದರೆ ಅವನೇ ಬರೀತಾ ಇದಾನೆ ಅನ್ನಿಸೋದು. ಮಗ್ಗುಲಲ್ಲಿ ಕಾಫಿ ಇಡುತ್ತಿದ್ದಳು. ಆರಿದ ಮೇಲೆ ಚೆಲ್ಲಿ, ಬೇರೆ ಇಡುತ್ತಿದ್ದಳು.

ಮದ್ದೂರಿಂದ ಜಕೀವುಲ್ಲಾ ಬಂದ. ಅಂಕಯ್ಯನ ಜೊತೆ ಕೆಲಸ ಮಾಡಿದವನು. ಈಗ ಮೋಟರು ಅವನ ಪಾಲಿಗೆ ಬಂದಿತ್ತು.

"ಅಕ್ಕ, ಒಳಗೆ ಯಾರವ್ರೆ ಅಂತ ಕಂಪ್ಯೂಟ್ರನ್ನ ಕೇಳುದ್ರೆ ಅಣ್ಣನ ಹೆಸರೇ ತೋರುಸ್ತದೆ. ಒಬ್ರು ಒಳಗಿರಗಂಟ ಇನ್ನೊಬ್ರಿಗೆ ಮೋಟ್ರು ಮುಟ್ಟಾಕೆ ಬುಡಲ್ಲ. ದಿನಾ ಅಲ್ಲಿಗೇ ಓಗಿ ಗುಂಡಿ ಒತ್ತಾ ಇವ್ನಿ."

"ಅಲ್ಲಿಂದ್ಲೇ ಕಿತ್ತಾಕಾಕೆ ಆಗಲ್ವಾ?"

"ಆಯ್ತದೆ. ಅಣ್ಣನ್ನ ಆಚೆಗೆ ದಬ್ಬು ಅಂತ ಬರೀಬೇಕು. ಕೈ ಬರ್ನಿಲ್ಲ."

"ನನ್ ಕೈ ಬತ್ತದಾ?"



ಅಂಕಯ್ಯ ಬಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಸಾವಿನ ದೀಪವನ್ನು ಮನೆಯವರು ಆರಿಸುವ ಹಾಗಿಲ್ಲ. ತಿಥಿ ಮುಗಿದ ಮೇಲೆ ಎಣ್ಣೆ ಹುಯ್ಯೋದು ಬಿಡುತ್ತಾರೆ, ತಾನೇ ಆರುತ್ತದೆ. ಸಣ್ಣತಾಯಮ್ಮ ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಹೋಗಿ ಚಾರ್ಜರಿನ ವೈರು ಗೋಡೆಯಿಂದ ಕಿತ್ತಳು.

"ಕುತ್ಕೊ. ಅದೇ ಆರ್ಲಿ."

ಇಬ್ಬರೂ ಕೂತರು. ಒಂದು ಸಾಲು ಮೂಡಿತು. ಇನ್ನೊಂದು. ಹಳೇ ಬ್ಯಾಟರಿ ಇಳಿದು ಪರದೆ ಮಂಕಾಯಿತು. ಆಮೇಲೆ ಆರಿತು. ಅದರೊಳಗೆ ಅವಳ ಮುಖವೇ ಕಂಡಿತು.

ಜಕೀವುಲ್ಲಾ ತನ್ನ ಮೊಬೈಲಿನಿಂದ ಪಂಪ್‌ಹೌಸಿನ ಕಂಪ್ಯೂಟರಿಗೆ ಹೊಕ್ಕು ನೋಡಿದ.

"ಇನ್ನೂ ಐತೆ ಅಕ್ಕ, ಅಣ್ಣನ ಹೆಸರು. ಈ ಕಡೆ ಕಟ್ಟಾಗಿದ್ದು ಆ ಕಡೆಗೆ ಗೊತ್ತಾಗಾಕೆ ಒಸಿ ಹೊತ್ತು ಬೇಕು."

"ಕೊಡು ಇಲ್ಲಿ."

ಗಂಡನ ಹೆಸರು ಯಾವುದು ಅಂತ ಅವನು ಬೆರಳಿಟ್ಟು ತೋರಿಸಿದ. ಅವಳು ಕಣ್ಣು ಕೀಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನು ಕೈ ಚಾಚಿದ.

"ಇದು ಆಗ್ಲೇ ಕೇಳಿದ್ದು. ಇನ್ನೊಂದ್ಸಲ ಕೇಳ್ಬೇಕು ಅಕ್ಕ, ಅಣ್ಣ ಆಚೆ ಓದ್ರಾ ಅಂತ."

ಅವಳು ಮೊಬೈಲು ಕೊಡಲಿಲ್ಲ.

"ಓಗಿರ್ತಾರೆ, ನಿನ್ ಮೋಟ್ರು ನಿನ್ಗೆ ಸಿಕ್ತದೆ ಬುಡು. ನೀನ್ ಈಗ್ಲೇ ಕೇಳ್ಬೇಡ. ಕೇಳುದ್ರೆ ತಾನೆ ಅದು ಇಲ್ಲ ಅನ್ನಾದು."