ಹರಿಹರದ ಕಾರ್ಡುಗಳು

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಜಡ್ಡು ಇತ್ತು. ರಂಟೆ ಹಿಡಿದವರ ಕೈಯಲ್ಲಿ ಏಳುವಂಥದ್ದು. ಆದರೆ ಅವರು ಹೊಲದ ಕೆಲಸ ಮಾಡಿದವರಲ್ಲ, ದಾವಣಗೆರೆಯ ಒಂದು ಕಾಲೇಜಿನಲ್ಲಿ ಲೈಬ್ರರಿಯನ್ ಆಗಿದ್ದರು. ಬಸ್ ಕಂಡಕ್ಟರುಗಳು ಟಿಕೆಟ್ಟಿಗೆ ತೂತು ಹಾಕುವ ಪಂಚು ಒತ್ತಿ ಒತ್ತಿ ಆದ ಜಡ್ಡು ಅದು. ಆ ಶನಿವಾರ ಸಂಜೆಯೂ ಅವರು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು, ಕನ್ನಡಕ ಹಣೆಗೇರಿಸಿ, ಆ ಪಂಚಿನಿಂದ ಕಾರ್ಡಿನ ಅಂಚು ಕತ್ತರಿಸುತ್ತಾ ಕೂತಿದ್ದರು. ಚೂರುಗಳು ಪಂಚೆಯ ಮೇಲೆ ಬೀಳುತ್ತಿದ್ದವು. ಎದ್ದಾಗ ಅಲ್ಲೇ ಕೊಡವಬೇಡಿ, ಅಂಗಳಕ್ಕೆ ಹೋಗಿ ಎಂದು ಅತ್ತೆ ಒಳಗಿನಿಂದ ಹೇಳಿದರು. ಹೂಂ ಎಂದರು. ಆಮೇಲೆ ಎದ್ದು ಅಲ್ಲೇ ಕೊಡವಿದರು. ನಾನು ಗುಡಿಸಿದೆ. ಬೀದಿ ಕೊನೆಯ ಮಂಡಕ್ಕಿ ಭಟ್ಟಿಯ ಹೊಗೆ ಕಿಟಕಿಯಿಂದ ಬರುತ್ತಿತ್ತು. ಆ ಸಂಜೆಯ ಬಗ್ಗೆ ಬೇರೆ ವಿಶೇಷ ಏನೂ ಇಲ್ಲ.

ಆ ಕಾರ್ಡುಗಳು ಏನೆಂದು ಹೇಳಬೇಕು. ಆಗಿನ್ನೂ ನಮ್ಮ ಕಡೆ ಕಂಪ್ಯೂಟರ್ ಎನ್ನುವುದು ಪೇಪರಿನಲ್ಲಿ ಮಾತ್ರ ಇತ್ತು. ಒಂದೊಂದು ಕಾರ್ಡಿನ ಮೇಲೆ ಯಾವುದೋ ಪತ್ರಿಕೆಯಲ್ಲಿ ಬಂದ ಒಂದೊಂದು ಲೇಖನದ ಹೆಸರು. ಕಾರ್ಡಿನ ಸುತ್ತ ಅಂಚಿನಲ್ಲಿ ಸಾಲಾಗಿ ತೂತು. ಒಂದು ತೂತು ಎಂದರೆ ಒಂದು ವಿಷಯ. ಲೇಖನದಲ್ಲಿ ಆ ವಿಷಯ ಬಂದಿದ್ದರೆ ಆ ತೂತನ್ನು ಅಂಚಿನ ತನಕ ಕತ್ತರಿಸಿ ಬಾಯಿ ತೆರೆಯಬೇಕು. ಹುಡುಕುವಾಗ ಕಾರ್ಡುಗಳನ್ನು ಒಟ್ಟಿಗೆ ನಿಲ್ಲಿಸಿ, ಬೇಕಾದ ವಿಷಯದ ತೂತಿಗೆ ಒಂದು ಉದ್ದನೆಯ ಸೂಜಿ ತೂರಿಸಿ, ಮೇಲಕ್ಕೆತ್ತಿ ಅಲುಗಾಡಿಸಬೇಕು. ಬಾಯಿ ತೆರೆದ ಕಾರ್ಡುಗಳು ಕೆಳಗೆ ಬೀಳುತ್ತವೆ. ಉಳಿದವು ಸೂಜಿಗೆ ಜೋತಾಡುತ್ತಿರುತ್ತವೆ. ಬಿದ್ದವೇ ಬೇಕಾದವು. ಎರಡನೇ ವಿಷಯವಿದ್ದರೆ ಬಿದ್ದವನ್ನು ಮತ್ತೆ ಕೂಡಿಸಿ ಇನ್ನೊಂದು ತೂತಿಗೆ ಸೂಜಿ ಹಾಕುವುದು. ಎಲ್ಲೋ ತರಬೇತಿಗೆ ಹೋದಾಗ ಮಾವನವರು ಇದನ್ನು ನೋಡಿಕೊಂಡು ಬಂದಿದ್ದರಂತೆ. ಬೈಂಡಿಂಗ್ ಅಂಗಡಿಯಲ್ಲಿ ದಪ್ಪ ರಟ್ಟು ಕತ್ತರಿಸಿಕೊಂಡು ಬಂದು ತಾವೇ ಮಾಡಿಕೊಂಡರು. ಸೂಜಿ ಮಾತ್ರ ಅತ್ತೆಯದು, ಸ್ವೆಟರ್ ಹೆಣೆಯುವುದು. ಅರ್ಧ ಹೆಣೆದ ಸ್ವೆಟರಿನಿಂದಲೇ ಎಳೆದುಕೊಂಡಿದ್ದರು. ಮನೆಗೆ ಯಾರು ಬಂದರೂ ಅತ್ತೆ ಅದನ್ನು ಹೇಳುತ್ತಿದ್ದರು.

"ನನ್ನ ಸೂಜಿನ ಲೈಬ್ರರಿಗೆ ಮದುವಿ ಮಾಡಿ ಕೊಟ್ಟಾರ್ರಿ. ತವರಿಗೆ ಒಂದ್ಸಲನೂ ಕಳ್ಸಿಲ್ಲ."

ನಾನು ಕುಕ್ಕುವಾಡದವಳು. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಮದುವೆಯಾಗಿ ಈ ಮನೆಗೆ ಬಂದೆ. ನಮ್ಮ ಮನೆಯವರು ಮಿಲ್ಲಿಗೆ ಹೋದ ಮೇಲೆ ಮಧ್ಯಾಹ್ನ ನನಗೆ ಕೆಲಸವಿರುತ್ತಿರಲಿಲ್ಲ. ಒಂದು ದಿನ ನಾನು ಹಿಟ್ಟಿನ ಡಬ್ಬಿಗೆ ಅಂಟಿಸಿದ್ದ ಚೀಟಿಯನ್ನು ಮಾವನವರು ನಿಂತು ನೋಡಿದರು. ನಿನ್ನ ಅಕ್ಷರ ಚಲೋ ಅದಾವಲ್ಲವ್ವ, ಇಲ್ಲಿ ಕೂತ್ಕೋ ಎಂದು ಚಾಪೆಯ ಇನ್ನೊಂದು ಬದಿ ತೋರಿಸಿದರು. ಅಂದಿನಿಂದ ಕಾರ್ಡು ಬರೆಯುವುದು ನನ್ನ ಕೆಲಸವಾಯಿತು. ಇಂಗ್ಲಿಷ್ ಹೆಸರುಗಳನ್ನು ಮೊದಲು ಚಿತ್ರ ಬರೆದಂತೆ ಬರೆಯುತ್ತಿದ್ದೆ. ನಿಧಾನವಾಗಿ ಓದಿಕೊಂಡು ಬರೆಯುವುದು ಬಂತು.

ಅವರಿಗೆ ಎರಡು ಅಭ್ಯಾಸಗಳಿದ್ದವು. ಒಂದು, ಹುಡುಕಿದ್ದು ಸಿಗದಿದ್ದರೆ "ಇಲ್ಲ" ಎನ್ನಲು ಬಿಡುತ್ತಿರಲಿಲ್ಲ. ಸಿಗಲಿಲ್ಲ ಎನ್ನಬೇಕು. ನಮಗೆ ಗೊತ್ತಿರುವುದು ಅಷ್ಟೇ ಎನ್ನುತ್ತಿದ್ದರು. ಮನೆಯಲ್ಲೂ ಅದೇ. ಸಕ್ಕರೆ ಐತೇನು ನೋಡ್ರಿ ಎಂದು ಅತ್ತೆ ಕೇಳಿದರೆ, ಸಿಗಲಿಲ್ಲ ಎನ್ನುತ್ತಿದ್ದರು. ಡಬ್ಬಿ ಬೋರಲು ಹಾಕಿದರೂ ಇಲ್ಲ ಅನ್ನೋಕೆ ಬಾಯಿ ಬರೋದಿಲ್ಲ ಇವರಿಗೆ ಎಂದು ಅತ್ತೆ ಗೊಣಗುತ್ತಿದ್ದರು.

ಇನ್ನೊಂದು, ಯಾರು ಏನು ಹುಡುಕಿಕೊಂಡು ಬಂದರೂ ಮೊದಲು ಕಪಾಟಿನ ಕಡೆ ಹೋಗುತ್ತಿರಲಿಲ್ಲ. "ಯಾರಿಗೆ?" ಎಂದು ಕೇಳುತ್ತಿದ್ದರು. ಹುಡುಗರು ಮೊದಮೊದಲು ಹೆದರುತ್ತಿದ್ದರಂತೆ. ಅವರು ಕೇಳುತ್ತಿದ್ದುದು ಗದರಿಸಲಿಕ್ಕಲ್ಲ. ಪುಸ್ತಕ ಪರೀಕ್ಷೆಗೋ, ತಂಗಿಯ ಭಾಷಣಕ್ಕೋ, ಊರಿನಲ್ಲಿ ರೋಗ ಬಿದ್ದ ಬೆಳೆಗೋ ಎಂದು ಗೊತ್ತಾದರೆ ಕೊಡುವ ಪುಸ್ತಕವೇ ಬೇರೆಯಾಗುತ್ತಿತ್ತು.

ನಮ್ಮ ಊರಿನ, ಪಕ್ಕದ ಹರಿಹರದ ಲೈಬ್ರರಿಯವರದೊಂದು ಕೂಟವಿತ್ತು. ತಿಂಗಳಿಗೊಂದು ಭಾನುವಾರ, ಒಮ್ಮೆ ದಾವಣಗೆರೆಯಲ್ಲಿ, ಒಮ್ಮೆ ಹರಿಹರದಲ್ಲಿ. ಮೆಡಿಕಲ್ ಕಾಲೇಜಿನವರು, ಹರಿಹರದ ಒಂದು ಕಾರ್ಖಾನೆಯ ಲೈಬ್ರರಿಯವರು, ಇನ್ನೂ ನಾಲ್ಕಾರು ಜನ. ಯಾರ ಹತ್ತಿರ ಯಾವ ಪತ್ರಿಕೆ ಬರುತ್ತದೆ ಎಂದು ಎಲ್ಲರೂ ಕೂಡಿ ಕಾರ್ಡು ಮಾಡಿದರೆ ಯಾರೂ ಒಂದು ಲೇಖನಕ್ಕಾಗಿ ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ ಎನ್ನುವುದು ಮಾವನವರ ವಿಚಾರ. ನಮ್ಮ ಮನೆಯಲ್ಲಿ ಕೂಡಿದಾಗ ನಾನು ಮಂಡಕ್ಕಿ, ಮಿರ್ಚಿ ಮಾಡುತ್ತಿದ್ದೆ. ಮಾತು ಜೋರಾಗಿರುತ್ತಿತ್ತು. ಒಂದು ಸಲ ಕಾರ್ಖಾನೆಯ ಲೈಬ್ರರಿಯನ್ನರು ತರಬೇತಿ ಮುಗಿಸಿ ಬಂದವರು ಕಂಪ್ಯೂಟರಿನ ಸುದ್ದಿ ಹೇಳಿದರು. ಒಂದು ಪದ ಕೊಟ್ಟರೆ ಸಾಕಂತೆ, ಅದು ಎಲ್ಲೆಲ್ಲಿದೆ ಎಂದು ತಾನೇ ಅಚ್ಚು ಹಾಕಿ ಕೊಡುತ್ತದಂತೆ.

"ಇನ್ನ ನಿಮ್ಮ ಸ್ವೆಟರ್ ಸೂಜಿ ಅಕ್ಕಾರಿಗೆ ವಾಪಸ್ ಕೊಡ್ರಿ ಸರ್" ಎಂದು ತಮಾಷೆ ಮಾಡಿದರು.

ಮಾವನವರು ನಗಲಿಲ್ಲ. ಮಿರ್ಚಿ ಕೈಯಲ್ಲೇ ಹಿಡಿದುಕೊಂಡು ಕೇಳಿದರು, "ಅದಕ್ಕೆ ಎಷ್ಟು ತೂತು ಇರ್ತಾವ್ರಿ?"

ತೂತೇ ಇರೋದಿಲ್ಲ ಸರ್, ಎಷ್ಟು ಪದ ಬೇಕಾದರೂ ಹಾಕಬಹುದು ಎಂದರು ಅವರು.

"ಹಂಗಾದ್ರೆ ಯಾರನ್ನೂ ಹೊರಗೆ ಬಿಡದು ಬ್ಯಾಡ" ಎಂದರು ಮಾವನವರು. ಆಗ ಅವರ ಮುಖ ಹೇಗಿತ್ತು ಎಂದು ನನಗೆ ನೆನಪಿದೆ. ಏಕೆಂದರೆ ಕಾರ್ಡಿನ ಅಂಚು ಇರುವುದೇ ಇಷ್ಟು. ಯಾವುದಕ್ಕೆ ತೂತು ಕೊಡುವುದು, ಯಾವುದನ್ನು ಬಿಡುವುದು ಎಂದು ಅವರು ದಿನಗಟ್ಟಲೆ ಒದ್ದಾಡುತ್ತಿದ್ದುದನ್ನು ನಾನು ನೋಡಿದ್ದೆ.

ಆ ಶನಿವಾರ ಅವರ ಮುಂದೆ ಇದ್ದದ್ದು ಮೆಡಿಕಲ್ ಕಾಲೇಜಿನ ಲೈಬ್ರರಿಯಿಂದ ಬಂದ ಒಂದು ಕೇಳಿಕೆ. ಅಲ್ಲಿನ ಒಬ್ಬ ಡಾಕ್ಟರ ಹತ್ತಿರ ಒಂದು ಹುಡುಗಿ ಇದ್ದಳು. ಐದಾರು ವರ್ಷದ ಕೂಸು. ಮೇಲಿಂದ ಮೇಲೆ ಹೊಟ್ಟೆನೋವು, ಮೈ ಬಿಳಿಚಿಕೊಂಡಿದೆ, ಊಟ ಸೇರುವುದಿಲ್ಲ, ಇತ್ತೀಚೆಗೆ ನಡೆಯುವಾಗ ಮುಗ್ಗರಿಸುತ್ತಾಳೆ. ಜಂತುವಿನ ಔಷಧಿ ಕೊಟ್ಟಾಯಿತು, ಗುಣವಿಲ್ಲ. ಬೇರೆ ಯಾರಾದರೂ ಇಂಥದ್ದನ್ನು ಕಂಡು ಬರೆದಿದ್ದಾರೆಯೇ ಎಂದು ಡಾಕ್ಟರು ಕೇಳಿದ್ದರು. ನಾವು ಮೆಡಿಕಲ್ ಕಟ್ಟನ್ನು ತೆಗೆದು "ಮಕ್ಕಳು" ತೂತಿಗೆ ಸೂಜಿ ಹಾಕಿದೆವು. ಬಿದ್ದವನ್ನು ಕೂಡಿಸಿ "ಹೊಟ್ಟೆ"ಗೆ ಹಾಕಿದೆವು. ಬಿದ್ದ ಕಾರ್ಡುಗಳಲ್ಲಿದ್ದ ಲೇಖನಗಳನ್ನೆಲ್ಲ ಡಾಕ್ಟರು ಆಗಲೇ ಓದಿದ್ದರು, ಓದಿದ್ದರ ಪಟ್ಟಿ ಕೇಳಿಕೆಯ ಜೊತೆಗೇ ಬಂದಿತ್ತು. ಮಾವನವರು ಇನ್ನೊಮ್ಮೆ ಅಲುಗಾಡಿಸಿದರು. ಏನೂ ಬೀಳಲಿಲ್ಲ.

"ಇದು ಯಾರಿಗೆ ಅಂತ ನಾನು ಕೇಳೇ ಇಲ್ಲ ನೋಡವ್ವ. ಡಾಕ್ಟ್ರಿಗೆ ಅಂದ್ಕೊಂಡು ಕೂತೀನಿ. ಡಾಕ್ಟ್ರಿಗೇನು ಹೊಟ್ಟೆನೋವೈತಾ?" ಎಂದರು. "ನಾಳೆ ಹರಿಹರಕ್ಕೆ ಹೋಗ್ತೀನಲ್ಲ, ಕಾರ್ಖಾನೆಯೋರ ಕಾರ್ಡೂ ತರ್ತೀನಿ. ಬಂದಮ್ಯಾಲೆ ಇಬ್ರೂ ಆ ಕೂಸಿನ ಮನಿಗೆ ಹೋಗಿ ಕೇಳಣ."

ಭಾನುವಾರ ಬೆಳಿಗ್ಗೆ ಹೊರಟರು. ಕೂಟ ಮುಗಿದ ಮೇಲೆ ಹರಿಹರದ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದರಂತೆ. ಚೀಲ ತೊಡೆಯ ಮೇಲಿತ್ತಂತೆ. ಪ್ಯಾಸೆಂಜರ್ ಗಾಡಿ ಬಂದಾಗ ಜೊತೆಯಲ್ಲಿದ್ದವರು, ನಿದ್ದೆ ಹತ್ತಿರಬೇಕು ಎಂದು ಭುಜ ಮುಟ್ಟಿದರಂತೆ. ಕಾರ್ಖಾನೆಯ ಲೈಬ್ರರಿಯನ್ನರು ಕಾರು ಮಾಡಿಕೊಂಡು ದೇಹವನ್ನು ಮನೆಗೆ ತಂದರು. ಆಮೇಲೆ ಕಾರಿನ ಹಿಂದಿನಿಂದ ಚೀಲ ತೆಗೆದು ನನ್ನ ಕೈಗೆ ಕೊಟ್ಟರು. ಅದರಲ್ಲಿ ಹರಿಹರದ ಕಾರ್ಡುಗಳಿದ್ದವು. ನಾನು ಚೀಲವನ್ನು ಗೂಟಕ್ಕೆ ಹಾಕಿದೆ.

ಕಾರ್ಯದ ದಿನಗಳು ಹೇಗೆ ಕಳೆದವೋ ನನಗೆ ಸರಿಯಾಗಿ ನೆನಪಿಲ್ಲ. ಬಂದವರಿಗೆ ಚಹಾ ಮಾಡಿದೆ. ಅಳು ಬರಲಿಲ್ಲ. ಅತ್ತೆ ಅರ್ಧ ಸ್ವೆಟರನ್ನು ಟ್ರಂಕಿನಿಂದ ತೆಗೆದು ಮಂಚದ ಮೇಲಿಟ್ಟರು, ಸ್ವಲ್ಪ ಹೊತ್ತು ನೋಡಿ ಮತ್ತೆ ಒಳಗಿಟ್ಟರು. ಮೆಡಿಕಲ್ ಕಾಲೇಜಿನ ಲೈಬ್ರರಿಯನ್ನರು ಮಾತಾಡಿಸಲು ಬಂದಾಗ ನಾನು ಆ ಹುಡುಗಿ ಹೇಗಿದ್ದಾಳೆ ಎಂದು ಕೇಳಿದೆ. ಹೆಚ್ಚಾಗಿದೆ ಎಂದರು. ಮನೆ ಎಲ್ಲಿ ಎಂದು ಕೇಳಿಕೊಂಡೆ.

ಕಾರ್ಯ ಮುಗಿದ ಮರುದಿನ ಹೋದೆ. ನಮ್ಮ ಮನೆಯಿಂದ ದೂರವೇನಲ್ಲ, ಹಳೇ ಪೇಟೆಯ ಹಿಂದಿನ ಓಣಿ. ಹುಡುಗಿಯ ತಾಯಿ ಬಾಗಿಲಿಗೆ ಬಂದರು. ನಾನು ಯಾರೆಂದು ಹೇಳಿದೆ. "ಅಯ್ಯೋ, ಲೈಬ್ರರಿ ಸಾಹೇಬ್ರ ಸೊಸೀನಾ? ಒಳಗೆ ಬರ್ರಿ ಅಕ್ಕಾ, ಕೂಡ್ರಿ" ಎಂದು ಚಾಪೆ ಹಾಸಿದರು. ಅವರ ತಮ್ಮನಿಗೆ ಮಾವನವರು ಕಾಲೇಜಿನಲ್ಲಿ ಪುಸ್ತಕ ಕೊಟ್ಟಿದ್ದರಂತೆ. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಕರೆದರೆ ಬರಲಿಲ್ಲ.

ಏನು ಕೇಳಬೇಕೆಂದು ನನಗೆ ಗೊತ್ತಿರಲಿಲ್ಲ. ಮಾವನವರಿದ್ದರೆ ಏನು ಕೇಳುತ್ತಿದ್ದರೋ ಅದನ್ನೇ ಕೇಳಿದೆ. ಎಷ್ಟು ಜನ ಮಕ್ಕಳು, ಎಲ್ಲಿ ಆಡುತ್ತಾಳೆ, ಇವರಪ್ಪ ಏನು ಮಾಡುತ್ತಾರೆ. ಊರಂಚಿನ ಕರೂರಿನ ಹತ್ತಿರ ಬ್ಯಾಟರಿ ಅಂಗಡಿ ಎಂದರು. ಆಸ್ಪತ್ರೆಯಲ್ಲಿ ಹೇಳಿದ್ದೀರಾ ಎಂದೆ.

"ವ್ಯಾಪಾರ ಅಂತ ಬರಸೀವಿ ಅಕ್ಕಾ. ಅಂಗಡಿ ಅಂದ್ರೆ ವ್ಯಾಪಾರನೇ ಅಲ್ವಾ?"

ನೀರು ಕುಡಿದು ಹಿತ್ತಲಿಗೆ ಕೈ ತೊಳೆಯಲು ಹೋದೆ. ಅಲ್ಲಿ ಒಂದು ಒಲೆ, ಒಲೆಯ ಮೇಲೆ ಕಬ್ಬಿಣದ ಬಾಣಲೆ, ಪಕ್ಕದಲ್ಲಿ ಒಡೆದ ಬ್ಯಾಟರಿಗಳ ರಾಶಿ. ಹಳೇ ಬ್ಯಾಟರಿಯೊಳಗಿನ ಸೀಸವನ್ನು ಕರಗಿಸಿ ಗಟ್ಟಿ ಮಾಡಿ ಮಾರುತ್ತಾರಂತೆ. ಮೊದಲು ಅಂಗಡಿಯಲ್ಲೇ ಮಾಡುತ್ತಿದ್ದರಂತೆ, ಅಲ್ಲಿ ಪಕ್ಕದವರು ಹೊಗೆ ಎಂದು ಜಗಳ ತೆಗೆದದ್ದಕ್ಕೆ ಮನೆಗೆ ತಂದರಂತೆ. ನೆಲದಲ್ಲಿ ಬೂದಿಯಂಥ ಪುಡಿ. ಅದರ ಮೇಲೆ ಮಣ್ಣಿನ ಆಟದ ಕುಡಿಕೆಗಳಿದ್ದವು.

ನನಗೆ ಏನೂ ಹೊಳೆದಿರಲಿಲ್ಲ. ಮನೆಗೆ ಬಂದು ಗೂಟದಿಂದ ಚೀಲ ಇಳಿಸಿದೆ. ಹರಿಹರದ ಕಟ್ಟಿನಲ್ಲಿ ಮೊದಲು "ಮಕ್ಕಳು" ಎಂದು ಹುಡುಕಿದೆ. ಅಂಥ ತೂತೇ ಇರಲಿಲ್ಲ. ಮಾವನವರೂ ಕಾರ್ಖಾನೆಯ ಲೈಬ್ರರಿಯನ್ನರೂ ಕೂತು ಗೊತ್ತು ಮಾಡಿದ್ದ ತೂತುಗಳವು. ಯಂತ್ರ, ಎಣ್ಣೆ, ಬಣ್ಣ, ಬೆಂಕಿ, ಲೋಹ, ಕಾಯಿಲೆ, ಹೀಗೆ. ಕಾರ್ಖಾನೆಯಲ್ಲಿ ಮಕ್ಕಳನ್ನು ಯಾರು ಹುಡುಕುತ್ತಾರೆ. ಹಿತ್ತಲಿನ ಬಾಣಲೆ ನೆನಪಾಗಿ "ಲೋಹ"ಕ್ಕೆ ಸೂಜಿ ಹಾಕಿ ಅಲುಗಾಡಿಸಿದೆ. ರಾಶಿ ಬಿತ್ತು. ಅದನ್ನು ಕೂಡಿಸಿ "ಕಾಯಿಲೆ"ಗೆ ಹಾಕಿದೆ. ಮೂರ್ನಾಲ್ಕು ಬಿದ್ದವು. ಇನ್ನೊಮ್ಮೆ ಅಲುಗಾಡಿಸಿದೆ. ಪಕ್ಕದ ಕಾರ್ಡಿಗೆ ಅಂಟಿಕೊಂಡಿದ್ದ ಒಂದು ತಡವಾಗಿ ಬಿತ್ತು. ನಿಧಾನವಾಗಿ ಓದಿದೆ. ಸೀಸದ ಕೆಲಸ ಮಾಡುವವರ ಮನೆಯ ಮಕ್ಕಳ ಬಗ್ಗೆ ಇತ್ತು.

ಕಾರ್ಖಾನೆಗೆ ಹೇಳಿ ಕಳಿಸಿದೆ. ಅಲ್ಲಿನ ಲೈಬ್ರರಿಯನ್ನರು ಭಾನುವಾರಕ್ಕೆ ಕಾಯದೆ ಪತ್ರಿಕೆಯನ್ನು ಬಸ್ಸಿನಲ್ಲಿ ತಾವೇ ತಂದರು. ಮೆಡಿಕಲ್ ಕಾಲೇಜಿನವರು, ಅವರು, ನಾನು ಮೂವರೂ ಡಾಕ್ಟರ ಕೋಣೆಗೆ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನವರು. ನಿಂತುಕೊಂಡೇ ಓದಿದರು. ಹಿತ್ತಲಲ್ಲಿ ಏನು ನೋಡಿದಿರಿ, ಮತ್ತೆ ಹೇಳಿ ಎಂದರು. ಹೇಳಿದೆ. ಅವತ್ತೇ ಹುಡುಗಿಯನ್ನು ಸೇರಿಸಿಕೊಂಡರು. ರಕ್ತ ಪರೀಕ್ಷೆಗೆ ಹೊರಗೆ ಕಳಿಸಿದರು, ರಕ್ತದಲ್ಲಿ ಸೀಸ ಸೇರಿದ್ದು ಗೊತ್ತಾಯಿತು, ಔಷಧಿಯನ್ನೂ ಹೊರಗಿನಿಂದಲೇ ತರಿಸಿದರು. ಅವಳ ಅಪ್ಪ ಒಲೆ ಕಿತ್ತು ಊರ ಹೊರಗೆ ಸಾಗಿಸಿದರು. ಹಿತ್ತಲಿನ ಮಣ್ಣನ್ನೂ ತೆಗೆಸಿದರು. ಅವಳು ಗುಣವಾಗಲು ಬಹಳ ತಿಂಗಳು ಹಿಡಿಯಿತು. ಓದಿನಲ್ಲಿ ಸ್ವಲ್ಪ ಹಿಂದೆ ಉಳಿದಳು. ಆದರೆ ಓಡಾಡಿಕೊಂಡು ದೊಡ್ಡವಳಾದಳು.

ಮುಂದಿನ ಕೂಟ ನಮ್ಮ ಮನೆಯಲ್ಲೇ ಸೇರಿತು. ಹರಿಹರದ ಕಾರ್ಡಿನಲ್ಲಿ "ಮಕ್ಕಳು" ಎಂಬುದಕ್ಕೆ ತೂತು ಕೊಡಬೇಕೆಂದು ಕಾರ್ಖಾನೆಯವರೇ ಹೇಳಿದರು. ಜಾಗವಿರಲಿಲ್ಲ. ಕೊನೆಗೆ ಒಂದು ಮೂಲೆ ಗೊತ್ತು ಮಾಡಿದರು. ಆ ಲೇಖನದ ಕಾರ್ಡನ್ನು ನನ್ನ ಕೈಗೆ ಕೊಟ್ಟು, ನೀವೇ ಕತ್ತರಿಸಿರಿ ಅಕ್ಕಾರೆ ಎಂದರು. ಪಂಚು ನನ್ನ ಕೈಗೆ ದೊಡ್ಡದಾಯಿತು. ಎರಡೂ ಕೈಯಲ್ಲಿ ಒತ್ತಿದೆ. ಚೂರು ಸೀರೆಯ ಮೇಲೆ ಬಿತ್ತು. ಎದ್ದು ಅಂಗಳಕ್ಕೆ ಹೋಗಿ ಕೊಡವಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಕೂಟದವರು ಆ ಕಾರ್ಡುಗಳನ್ನು ನೋಡಿಕೊಳ್ಳುವ ಕೆಲಸವನ್ನು ನನಗೇ ಬಿಟ್ಟರು. ಮುಂದೆ ಒಂದು ಲೈಬ್ರರಿಯಲ್ಲಿ ನನಗೆ ಸಹಾಯಕಿಯ ಕೆಲಸವೂ ಸಿಕ್ಕಿತು. ನಾನು ಉಂಡ ಅನ್ನ ಆ ಚಾಪೆಯ ಇನ್ನೊಂದು ಬದಿಯಲ್ಲಿ ಕೂತದ್ದರಿಂದ ಬಂದದ್ದು. ಬಂದವರನ್ನೆಲ್ಲ ನಾನು ಯಾರಿಗೆ ಎಂದು ಕೇಳುತ್ತೇನೆ. ಸಿಗಲಿಲ್ಲ ಎನ್ನುತ್ತೇನೆ, ಇಲ್ಲ ಎನ್ನುವುದಿಲ್ಲ. ಈಗ ನನ್ನ ಹೆಬ್ಬೆರಳಿನ ಬುಡದಲ್ಲೂ ಒಂದು ಸಣ್ಣ ಜಡ್ಡು ಎದ್ದಿದೆ.

ಹುಡುಗಿ ಗುಣವಾದದ್ದನ್ನು ಅವರಿಗೆ ಹೇಳುವುದು ಉಳಿದುಹೋಯಿತು. ಕಾರ್ಡುಗಳಿವೆ, ಸೂಜಿಯಿದೆ, ಪಂಚಿದೆ. ಚಾಪೆಯ ಆ ಬದಿಯಲ್ಲಿ ಕೂತು "ಇದು ಯಾರಿಗವ್ವ?" ಎಂದು ನನ್ನನ್ನು ಕೇಳುವವರು ಇಲ್ಲ.