ಸೋಪಕ್ಕ ಬಂಡೆಯಿಂದ ಬಿಡಿಸಿದ ಎಣ್ಣೆ

ಗಂಡ ತೀರಿಕೊಂಡು ಇನ್ನೂ ತಿಂಗಳು ತುಂಬುವ ಮೊದಲೇ ಸೋಪಕ್ಕ ಕೆಲಸಕ್ಕೆ ಮರಳಿದಳು. ತೈಲಬಾವಿ ಕಂಪನಿಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ. ನೆಲದಾಳದ ಬಂಡೆಗೆ ಜಿಗುಟಾಗಿ ಅಂಟಿಕೊಂಡ ಕಚ್ಚಾತೈಲವನ್ನು ಬಿಡಿಸಲು ಸರ್ಫ್ಯಾಕ್ಟಂಟ್ ಎಂಬ ರಾಸಾಯನಿಕವನ್ನು ಹದ ಮಾಡಬೇಕು. ಅಷ್ಟುದ್ದದ ಹೆಸರು ಯಾರ ನಾಲಿಗೆಗೂ ಹೊರಳದೆ ಎಲ್ಲರೂ ಅದನ್ನು ಸೋಪು ಎನ್ನುತ್ತಿದ್ದರು. ಹಾಗಾಗಿ ಅವಳು ಸೋಪಕ್ಕ.

ಗಂಡ ಲಾರಿ ಮೆಕ್ಯಾನಿಕ್. ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದಂತೆಯೇ ಕುಸಿದುಬಿದ್ದಿದ್ದ. ಸುದ್ದಿ ಕೇಳಿದಾಗ ಅವಳಿಗೆ ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. "ಕಲ್ಲು ಮನಸ್ಸು ಕಣೇ ಇವಳದ್ದು" ಎಂದು ಯಾರೋ ಅಡುಗೆಮನೆಯ ಬಾಗಿಲಲ್ಲಿ ಪಿಸುಗುಟ್ಟಿದ್ದು ಕಿವಿಗೆ ಬಿದ್ದರೂ, ಪಕ್ಕದ ಮನೆಯವರ ಕುರಿತ ಮಾತೇನೋ ಎಂಬಂತೆ ಕೇಳಿಸಿಕೊಂಡಳು.

ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತೆ. ಒಂದು ದಿನ ನಾದಿನಿಯ ಫೋನ್ ಬಂತು.

"ಅತ್ತಿಗೆ, ಬರೋ ಭಾನುವಾರ ಬಿಟ್ಟು ಮುಂದಿನ ಭಾನುವಾರ ಅಮ್ಮನ್ನ ಕರ್ಕೊಂಡು ಹೋಗ್ತೀನಿ. ನೀವು ಡ್ಯೂಟಿಗೆ ಹೋದ್ರೆ ಅವರನ್ನ ನೋಡ್ಕೊಳ್ಳೋರು ಯಾರು?"

"ಹೂಂ" ಎಂದಳು ಸೋಪಕ್ಕ. ಬೇಡ ಎನ್ನಬೇಕು ಅನ್ನಿಸಿತೋ ಇಲ್ಲವೋ, ಅವಳಿಗೇ ತಿಳಿಯಲಿಲ್ಲ.

ಎಣ್ಣೆ ನಿಂತುಹೋಗಿದ್ದ ಬಾವಿಯೊಂದಕ್ಕಾಗಿ ಅವಳು ಹದ ಮಾಡಿದ್ದ ಹಿಂದಿನ ಸೋಪುಗಳೆಲ್ಲ ಕೈಕೊಟ್ಟಿದ್ದವು. ಬಾವಿಯಡಿಯ ನೀರು ವಿಪರೀತ ಉಪ್ಪು. ಅದರಲ್ಲಿ ಸೋಪು ಒಡೆದ ಹಾಲಿನಂತೆ ಗರಣೆಗಟ್ಟಿ ತಳ ಸೇರುತ್ತಿತ್ತು. ಗಂಡ ಇದ್ದಾಗ ಅವಳು ಬೆರೆಸಿಟ್ಟ ಒಂದು ಬಗೆ ಮಾತ್ರ ಉಪ್ಪಿಗೆ ಜಗ್ಗದೆ ತಿಳಿಯಾಗಿ ನಿಂತಿತ್ತು. ಅದನ್ನು ಬಾವಿಯಿಂದ ತೆಗೆದ, ಎಣ್ಣೆ ಹಿಡಿದ ಬಂಡೆಯ ತುಂಡೊಂದರೊಳಕ್ಕೆ ಒತ್ತಡದಿಂದ ನೂಕಿ, ಆಚೆ ತುದಿಯಿಂದ ಗಾಜಿನ ಕೊಳವೆಗೆ ಏನು ಇಳಿಯುತ್ತದೆ ಎಂದು ಕಾಯುತ್ತ ಕುಳಿತಳು. ಮೊದಲಾದರೆ ನಡುನಡುವೆ ಎದ್ದು ಟೀ ಕುಡಿಯಲು ಹೋಗುತ್ತಿದ್ದಳು. ಈಗ ಏಳಲೂ ಮನಸ್ಸಿರಲಿಲ್ಲ. ಬರೀ ನೀರು ತೊಟ್ಟಿಕ್ಕಿತು, ಆಮೇಲೆ ಕಂದು ನೀರು. ಸಂಜೆಯ ಹೊತ್ತಿಗೆ ಕಪ್ಪನೆಯ ಎಣ್ಣೆ.

ಅದೇ ಸೋಪನ್ನು ಬಾವಿಗೂ ಇಳಿಸಿ, ಕೆಲ ದಿನ ನೆನೆಯಲು ಬಿಟ್ಟು, ನಾದಿನಿ ಬರುವ ಹಿಂದಿನ ದಿನ, ಶನಿವಾರ, ಪಂಪ್ ಶುರು ಮಾಡಿದರು. ಸೋಪಕ್ಕನೂ ಹೋಗಿ ನಿಂತಿದ್ದಳು. ಮಧ್ಯಾಹ್ನ ಪಂಪ್ ಆಪರೇಟರ್ ಸ್ಯಾಂಪಲ್ ಬಾಟಲಿ ಎತ್ತಿ ಹಿಡಿದು ಕೂಗಿದ:

"ಬಂತು ಕಣಕ್ಕಾ! ಸತ್ತೇ ಹೋಯ್ತು ಅಂದ್ಕೊಂಡಿದ್ದ ಬಾವಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು. ಕೈಗಳು ತನ್ನವಲ್ಲ ಅನ್ನಿಸಿತು. ಯಾರೋ ಕೊಟ್ಟ ಬಿಸ್ಕತ್ತನ್ನು ರುಚಿ ಗೊತ್ತಾಗದೆ ತಿಂದು ಮುಗಿಸಿದಳು.

ಮನೆಗೆ ಬಂದರೆ ಅತ್ತೆಯ ಬ್ಯಾಗು ಬಾಗಿಲ ಪಕ್ಕ ಸಿದ್ಧವಾಗಿ ಕೂತಿತ್ತು.

"ಎಣ್ಣೆ ಬಂತು ಅತ್ತೆ."

"ಯಾವ ಎಣ್ಣೆ? ಮನೇಲಿ ಇನ್ನೂ ಅರ್ಧ ಡಬ್ಬ ಇದ್ಯಲ್ಲ."

ಸೋಪಕ್ಕ ಸಿಂಕಿನಲ್ಲಿದ್ದ ಬಾಣಲೆ ತೋರಿಸಿದಳು. "ಇದಕ್ಕೆ ಜಿಡ್ಡು ಹಿಡಿಯುತ್ತಲ್ಲ, ಹಾಗೆ ನೆಲದ ಕೆಳಗೆ ಕಲ್ಲಿಗೆ ಎಣ್ಣೆ ಹಿಡ್ಕೊಂಡಿರುತ್ತೆ. ಬರೀ ನೀರಿಗೆ ಬಿಡಲ್ಲ. ನಾನು ಸೋಪು ಹಾಕಿ ಬಿಡಿಸ್ತೀನಿ."

ಅತ್ತೆ ಬಾಣಲೆಯನ್ನೂ ಸೊಸೆಯನ್ನೂ ಒಮ್ಮೆ ನೋಡಿದರು. "ಅಂದ್ರೆ ಇಷ್ಟು ವರ್ಷ ನೀನು ಅಲ್ಲಿಗೆ ಹೋಗಿ ಮಾಡ್ತಿದ್ದದ್ದು ಪಾತ್ರೆ ತೊಳೆಯೋ ಕೆಲಸಾನಾ? ನನ್ನ ಮಗ ನೋಡಿದ್ರೆ ದೊಡ್ಡ ವಿಜ್ಞಾನಿ ಅಂತ ಊರೆಲ್ಲ ಡಂಗುರ ಹೊಡ್ಕೊಂಡು ಬಂದ!"

ಮಗನ ಮಾತು ಬಂದದ್ದೇ, ನಗುತ್ತಿದ್ದ ಅತ್ತೆಯ ಬಾಯಿ ಸೊಟ್ಟಗಾಯಿತು. ಕುರ್ಚಿಯ ಮೇಲೆ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತರು. ಸೋಪಕ್ಕ ಅವರ ಬೆನ್ನಿನ ಮೇಲೆ ಕೈಯಿಟ್ಟು ನಿಂತಳು. ಅವಳ ಕಣ್ಣು ಒಣಗಿಯೇ ಇತ್ತು.

"ನನಗೆ ಅಳು ಬರ್ತಿಲ್ಲ ಅತ್ತೆ" ಎಂದಳು.

"ಬಂದಾಗ ಬರುತ್ತೆ, ಬಿಡು. ನಾನೇನು ನಿನ್ನನ್ನ ಕೇಳಿದ್ನಾ?"

"ಹೋಗಬೇಡಿ." ಯಾರೋ ಬರೆದುಕೊಟ್ಟದ್ದನ್ನು ಓದಿದಂತಿತ್ತು ಅವಳ ದನಿ.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿನಗೆ?"

ಮರುದಿನ ನಾದಿನಿ ಬಂದಳು, ಊಟ ಮಾಡಿದಳು, ಅಮ್ಮನ ಜೊತೆ ಸಾಕಷ್ಟು ಜಗಳವಾಡಿ ಒಬ್ಬಳೇ ಬಸ್ಸು ಹತ್ತಿದಳು.

ಬಾವಿ ಕೆಲವು ತಿಂಗಳು ಚೆನ್ನಾಗಿ ಕೊಟ್ಟು ಮತ್ತೆ ಮಂಕಾಯಿತು; ಮತ್ತೊಮ್ಮೆ ಸೋಪು ಇಳಿಸಿದರು. ಸೋಪಕ್ಕನಿಗೆ ಆಗಲೂ ಅಳು ಬಂದಿರಲಿಲ್ಲ. ರಾತ್ರಿ ಅತ್ತೆ ಸೊಸೆ ಎದುರುಬದುರು ಕೂತು ಉಣ್ಣುತ್ತಿದ್ದರು. ಉಪ್ಪು ಕಮ್ಮಿಯಾದರೆ ಅತ್ತೆ ಗೊಣಗುತ್ತಿದ್ದರು, ಅವಳು ಎದ್ದು ಹೋಗಿ ತರುತ್ತಿದ್ದಳು.